ಹೀಲಿಯಂಗೆ ಜೋಡಿ ಯಾಕಿಲ್ಲ?

ಕಳೆದ ದಸರಾಕ್ಕೆ ಊರಿಗೆ ಹೋಗಿದ್ದೆ. ರಜೆ ಇದ್ದಿದ್ದು ಅಣ್ಣನ ಮಗನಿಗೆ, ನನಗಲ್ಲ. ಮನೆ ಮುಂದಿನ ಕಟ್ಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಮೊಬೈಲಿನ ನೆಟ್ ಹಾಕಿಕೊಂಡು ಆಫೀಸಿನ ಕೆಲಸ ಮಾಡ್ತಾ ಕೂತಿದ್ದೆ. ಪಕ್ಕದಲ್ಲಿ ಅವನು ಒಂಬತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕ ತೆರೆದುಕೊಂಡು, ಪುಸ್ತಕಕ್ಕಿಂತ ಹೆಚ್ಚಾಗಿ ನನ್ನ ಸ್ಕ್ರೀನ್ ನೋಡ್ತಾ ಕೂತಿದ್ದ. ಇದ್ದಕ್ಕಿದ್ದ ಹಾಗೆ ಕೇಳಿದ.

"ಕಾಕಾ, ಹೈಡ್ರೋಜನ್ ಎರಡು, ಆಕ್ಸಿಜನ್ ಎರಡು, ನೈಟ್ರೋಜನ್ ಎರಡು. ಹೀಲಿಯಂ ಮಾತ್ರ ಯಾಕ ಒಂದ?"

"ಅದು ಜಡಾನಿಲ ಅಲ್ಲೇನೋ, ಅದಕ್ಕ."

"ಜಡಾನಿಲ ಅಂದ್ರ?"

"ಯಾರ ಜೋಡೀನೂ ಕೂಡೂದಿಲ್ಲ."

"ಯಾಕ ಕೂಡೂದಿಲ್ಲ?"

"ಜಡಾನಿಲ ಅದು..."

ಅಂದವನೇ ನಿಲ್ಲಿಸಿದೆ. ನಮ್ಮ ಕೆಲಸದಲ್ಲಿ ಇದಕ್ಕೆ ಇನ್ಫಿನಿಟ್ ಲೂಪ್ ಅಂತಾರೆ. ಪ್ರೋಗ್ರಾಂ ಓಡ್ತಾನೇ ಇರುತ್ತೆ, ಎಲ್ಲೂ ತಲುಪಲ್ಲ. ಮಾನ ಉಳಿಸಿಕೊಳ್ಳೋಕೆ ಹೊರಗಿನ ಕವಚ ಭರ್ತಿ ಆಗಿದೆ, ಅದಕ್ಕೇ ಯಾರೂ ಬೇಡ ಅಂತ ಹೇಳಿದೆ. ಅವನು ಪುಸ್ತಕದ ಹಾಳೆ ತಿರುವಿ, "ಎಂಟ ಇದ್ರ ಭರ್ತಿ ಅಂತ ಬರದಾರ, ಇದಕ್ಕ ಎರಡ ಅದಾವಲ್ಲ?" ಅಂದ. ಮೊದಲ ಕವಚಕ್ಕೆ ಎರಡೇ ಸಾಕು ಅಂದೆ. ಅದಕ್ಕೆ ಅವನು ಕೇಳಿದ ಮುಂದಿನ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

"ಕಣ್ಣಿಗೇ ಕಾಣೂದಿಲ್ಲ. ಒಂದ ಐತಿ, ಎರಡಿಲ್ಲ ಅಂತ ಹ್ಯಾಂಗ ಗೊತ್ತಾತು? ಯಾರರ ಎಣಿಸ್ಯಾರೇನು?"

ಪಿಯುಸಿ ಎರಡು ವರ್ಷ, ಬಿಇ ನಾಲ್ಕು ವರ್ಷ ಓದಿದ ನನಗೆ ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದೂ ಅವತ್ತಿನವರೆಗೆ ಗೊತ್ತಿರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಮೇಲೆ ರಾತ್ರಿ ಹೊತ್ತು ಕೂತು ಓದಿದೆ. ಓದಿದ್ದನ್ನ ಅವನಿಗೆ ಹೇಳೋ ಮೊದಲು ಇಲ್ಲಿ ಬರೆದು ನೋಡ್ತಿದ್ದೀನಿ.

ಆಶ್ಚರ್ಯ ಅಂದರೆ ಈ ಕಥೆಯ ಒಂದು ತುದಿ ನಮ್ಮ ಜಮಖಂಡಿಯಲ್ಲೇ ಇದೆ.

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣ ಆಯಿತು. ಚಂದ್ರನ ನೆರಳು ದಕ್ಷಿಣ ಭಾರತವನ್ನ ಪಶ್ಚಿಮದಿಂದ ಪೂರ್ವಕ್ಕೆ ದಾಟಿ ಹೋಯಿತು. ಆ ದಾರಿಯಲ್ಲಿ ಅಲ್ಲಲ್ಲಿ ವಿಜ್ಞಾನಿಗಳು ದೂರದರ್ಶಕ ಹೂಡಿಕೊಂಡು ಕಾಯ್ತಿದ್ದರು. ಆಗ ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಗೆ ಬಂದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ. ಗುಂಟೂರಿನಲ್ಲಿ ಫ್ರಾನ್ಸಿನ ಜೂಲ್ಸ್ ಜಾನ್ಸೆನ್. ಮಚಲಿಪಟ್ಟಣದಲ್ಲಿ ಮದ್ರಾಸ್ ವೀಕ್ಷಣಾಲಯದ ನಾರ್ಮನ್ ಪೋಗ್ಸನ್. ಎಲ್ಲರ ಕೈಯಲ್ಲೂ ರೋಹಿತದರ್ಶಕ ಅನ್ನೋ ಹೊಸ ಉಪಕರಣ. ಅದು ಬೆಳಕನ್ನ ಬಣ್ಣಗಳಾಗಿ ಬಿಡಿಸುತ್ತೆ. ಉರಿಯೋ ಅನಿಲದ ಬೆಳಕನ್ನ ಹಾಗೆ ಬಿಡಿಸಿದರೆ ಬಣ್ಣಬಣ್ಣದ ಗೆರೆಗಳು ಕಾಣುತ್ತವೆ, ಒಂದೊಂದು ಧಾತುವಿಗೂ ಅದರದೇ ಗೆರೆಗಳು.

ಮನೆಯಲ್ಲಿ ದೃಷ್ಟಿ ತೆಗೆದ ಉಪ್ಪನ್ನ ಒಲೆಗೆ ಹಾಕಿದಾಗ ಬೆಂಕಿ ಒಂದು ಕ್ಷಣ ಹಳದಿಯಾಗೋದನ್ನ ನೀವು ನೋಡಿರಬಹುದು. ಅದು ಉಪ್ಪಿನಲ್ಲಿರೋ ಸೋಡಿಯಂ ಬಣ್ಣ. ರೋಹಿತದರ್ಶಕದಲ್ಲಿ ಅದು ಅಕ್ಕಪಕ್ಕದ ಎರಡು ಹಳದಿ ಗೆರೆಯಾಗಿ ಕಾಣುತ್ತೆ. ಅದಕ್ಕೆ 'ಡಿ' ಅಂತ ಮೊದಲೇ ಹೆಸರಿತ್ತು.

ಗ್ರಹಣದ ಆ ಕೆಲವು ನಿಮಿಷಗಳಲ್ಲಿ, ಮೋಡಗಳ ಸಂದಿಯಲ್ಲಿ, ಜಮಖಂಡಿಯ ಹರ್ಷೆಲ್‌ಗೆ ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಮೂರು ಗೆರೆ ಕಂಡವು: ಕೆಂಪು, ಕಿತ್ತಳೆ, ನೀಲಿ. ಕಿತ್ತಳೆ ಗೆರೆ ಸೋಡಿಯಂನ ಡಿ ಗೆರೆಯೇ ಅಂತ ಆತ ವರದಿ ಬರೆದ. ಪೋಗ್ಸನ್ ಸ್ವಲ್ಪ ಹುಷಾರಾಗಿ ಡಿ, ಇಲ್ಲವೇ ಡಿ ಹತ್ತಿರ ಅಂತ ಬರೆದಿಟ್ಟ. ಜಾನ್ಸೆನ್‌ಗೆ ಬೇರೆಯದೇ ಸಂಭ್ರಮ. ಗೆರೆಗಳು ಎಷ್ಟು ಪ್ರಖರವಾಗಿದ್ದವು ಅಂದರೆ ಅವನ್ನ ನೋಡೋಕೆ ಗ್ರಹಣವೇ ಬೇಡ ಅಂತ ಅವನಿಗೆ ಹೊಳೆಯಿತು, ಮಾರನೇ ದಿನ ಹಾಡಹಗಲಲ್ಲೇ ನೋಡಿಬಿಟ್ಟ. ಅಕ್ಟೋಬರ್ 20ಕ್ಕೆ ಲಂಡನ್ನಿನಲ್ಲಿ ನಾರ್ಮನ್ ಲಾಕ್ಯರ್ ಅನ್ನೋನು ಕೂಡ ಗ್ರಹಣವಿಲ್ಲದೇ ಅದೇ ಗೆರೆಗಳನ್ನ ನೋಡಿದ. ಹೊಟ್ಟೆಪಾಡಿಗೆ ಆತ ಯುದ್ಧ ಇಲಾಖೆಯಲ್ಲಿ ಗುಮಾಸ್ತ, ಖಗೋಳ ಅವನ ಹವ್ಯಾಸ. ಇಬ್ಬರ ಸುದ್ದಿಯೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಒಂದೇ ದಿನ ಮುಟ್ಟಿತು.

ನಿಧಾನವಾಗಿ ಅಳೆದಾಗ ಲಾಕ್ಯರ್‌ಗೆ ಗೊತ್ತಾಯಿತು, ಆ ಗೆರೆ ಸೋಡಿಯಂನದಲ್ಲ. ಸೋಡಿಯಂ ಗೆರೆಗಳು ಇರೋದು 589.0 ಮತ್ತು 589.6 ನ್ಯಾನೊಮೀಟರ್‌ನಲ್ಲಿ, ಇದು 587.6ರಲ್ಲಿ. ಒಂದೂವರೆ ನ್ಯಾನೊಮೀಟರ್ ಕೂಡ ಇಲ್ಲದ ಅಂತರ. ಭೂಮಿ ಮೇಲಿನ ಯಾವ ವಸ್ತುವೂ ಆ ಗೆರೆ ಕೊಡ್ತಿರಲಿಲ್ಲ. ಸೂರ್ಯನ ಗ್ರೀಕ್ ಹೆಸರು ಹೀಲಿಯೋಸ್. ಅದರಿಂದ ಹೀಲಿಯಂ ಅನ್ನೋ ಹೆಸರು ಹುಟ್ಟಿತು.

ಹೆಸರಿನ ಬಾಲ ನೋಡಿ. ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಲೋಹಗಳು. ಇದೂ ಲೋಹವೇ ಇರಬೇಕು ಅನ್ನೋ ಊಹೆಯಲ್ಲಿ 'ಇಯಂ' ಅಂಟಿಸಿದರು. ಆಮೇಲೆ ಸಿಕ್ಕಿದ ಅದರ ಅಣ್ಣತಮ್ಮಂದಿರು ಆರ್ಗಾನ್, ನಿಯಾನ್, ಕ್ರಿಪ್ಟಾನ್. ಹೀಲಿಯಂ ಮಾತ್ರ ಇವತ್ತಿಗೂ ಲೋಹದ ಹೆಸರು ಹೊತ್ತುಕೊಂಡು ತಿರುಗ್ತಿದೆ.

ಹಳದಿ ಗೆರೆಯಿಂದ ಗೊತ್ತಾಗಿದ್ದು ಇಂಥದೊಂದು ವಸ್ತು ಇದೆ ಅಂತ ಮಾತ್ರ. ಅದು ಒಂಟಿಯೋ ಜೋಡಿಯೋ ತಿಳಿಯಬೇಕಾದರೆ ಅನಿಲ ಕೈಗೆ ಸಿಗಬೇಕು. ಅದಕ್ಕೆ ಇನ್ನೂ 27 ವರ್ಷ ಹಿಡಿಯಿತು. ಆದರೆ ಅಷ್ಟರಲ್ಲಿ ಎಣಿಸುವ ವಿದ್ಯೆ ಇನ್ನೊಂದು ಅನಿಲದ ಮೇಲೆ ಪ್ರಯೋಗವಾಗಿ, ದೊಡ್ಡ ಜಗಳವೇ ಆಗಿಹೋಗಿತ್ತು. ಆ ಅನಿಲ ಆರ್ಗಾನ್.

ಇಂಗ್ಲೆಂಡಿನ ಲಾರ್ಡ್ ರೇಲಿ ಅನಿಲಗಳ ಸಾಂದ್ರತೆ ಅಳೀತಿದ್ದ. ನೈಟ್ರೋಜನನ್ನ ಎರಡು ದಾರಿಯಿಂದ ತಯಾರಿಸಿದ. ಒಂದು, ಗಾಳಿಯಿಂದ ಆಕ್ಸಿಜನ್ ಮುಂತಾದವನ್ನ ತೆಗೆದು ಉಳಿದಿದ್ದು. ಇನ್ನೊಂದು, ಅಮೋನಿಯದಂಥ ರಾಸಾಯನಿಕಗಳಿಂದ ಹೊರಡಿಸಿದ್ದು. ಎರಡೂ ಒಂದೇ ತೂಕ ಬರಬೇಕು. ಗಾಳಿಯದು ಲೀಟರಿಗೆ 1.2572 ಗ್ರಾಂ ಬಂತು, ರಾಸಾಯನಿಕದ್ದು 1.2505. ವ್ಯತ್ಯಾಸ ನೂರಕ್ಕೆ ಅರ್ಧ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಒಂದು ಬಿಲ್ಲಿಂಗ್ ರಿಪೋರ್ಟು ಕೊಟ್ಟಿದ್ದರು. ಒಂದೇ ಮೊತ್ತವನ್ನ ಎರಡು ಕಡೆಯಿಂದ ಕೂಡಿದರೆ ಸ್ವಲ್ಪವೇ ವ್ಯತ್ಯಾಸ ಬರ್ತಿತ್ತು. ನಾನು 'ರೌಂಡಿಂಗ್ ವ್ಯತ್ಯಾಸ' ಅಂತ ಬರೆದು ಟಿಕೆಟ್ ಮುಚ್ಚಿದೆ. ಆರು ತಿಂಗಳಾದ ಮೇಲೆ ಗೊತ್ತಾಯಿತು, ಒಂದು ಬಗೆಯ ವಹಿವಾಟು ಪೂರ್ತಿಯಾಗಿ ಒಂದು ಕಡೆ ಲೆಕ್ಕಕ್ಕೇ ಬರ್ತಿರಲಿಲ್ಲ. ಅಪರೂಪದ ವಹಿವಾಟು, ಅದಕ್ಕೇ ವ್ಯತ್ಯಾಸ ಸಣ್ಣದು. ಸಣ್ಣದು ಅನ್ನೋ ಕಾರಣಕ್ಕೇ ನಾನು ಅದಕ್ಕೊಂದು ಹೆಸರು ಕೊಟ್ಟು ಮಲಗಿಸಿಬಿಟ್ಟಿದ್ದೆ.

ರೇಲಿ ಹಾಗೆ ಮಾಡಲಿಲ್ಲ. ನನಗಿದು ಅರ್ಥ ಆಗ್ತಿಲ್ಲ, ಯಾರಾದರೂ ಸಲಹೆ ಕೊಡಿ ಅಂತ 1892ರಲ್ಲಿ 'ನೇಚರ್' ಪತ್ರಿಕೆಗೆ ಕಾಗದ ಬರೆದ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಲಿಯಂ ರಾಮ್ಸೆ ಅವನ ಜೊತೆ ಸೇರಿದ. ಗಾಳಿಯ ನೈಟ್ರೋಜನನ್ನ ಕಾಯಿಸಿದ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿ ಹೀರಿಸಿದ. ಕೊನೆಗೆ ಯಾತಕ್ಕೂ ಜಗ್ಗದ ಒಂದಿಷ್ಟು ಅನಿಲ ಉಳಿಯಿತು. ನೂರು ವರ್ಷದ ಹಿಂದೆ, 1785ರಲ್ಲಿ, ಹೆನ್ರಿ ಕ್ಯಾವೆಂಡಿಶ್ ಕೂಡ ಅದೇ ಉಳಿಕೆಯ ಪುಟ್ಟ ಗುಳ್ಳೆ ನೋಡಿ, ಇದು ನೈಟ್ರೋಜನ್ನಿನ 120ನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ ಅಂತ ಬರೆದಿಟ್ಟಿದ್ದ. ಅಷ್ಟು ದಿನ ಅದನ್ನ ಯಾರೂ ಕೆದಕಿರಲಿಲ್ಲ.

1894ರಲ್ಲಿ ಹೊಸ ಅನಿಲದ ಸುದ್ದಿ ಹೊರಬಂತು. ಗ್ರೀಕಿನಲ್ಲಿ ಸೋಮಾರಿ ಅನ್ನೋ ಅರ್ಥದ ಆರ್ಗಾನ್ ಅಂತ ಹೆಸರಿಟ್ಟರು. ಈಗ ಬಂತು ಹುಡುಗ ಕೇಳಿದ ಪ್ರಶ್ನೆ. ಇದರ ಅಣುವಿನಲ್ಲಿ ಎಷ್ಟು ಪರಮಾಣು?

ಸಾಮಾನ್ಯವಾಗಿ ಇದನ್ನ ತಿಳಿಯೋದು ಬೇರೆ ಧಾತುಗಳ ಜೊತೆ ಕೂಡಿಸಿ. ಎರಡು ಪಾಲು ಹೈಡ್ರೋಜನ್ ಒಂದು ಪಾಲು ಆಕ್ಸಿಜನ್ ಕೂಡಿ ಎರಡು ಪಾಲು ಹಬೆ ಆಗುತ್ತೆ ಅಂದರೆ, ಆಕ್ಸಿಜನ್ನಿನ ಒಂದು ಅಣು ಎರಡಾಗಿ ಒಡೆದಿರಲೇಬೇಕು ಅನ್ನೋ ಥರದ ಲೆಕ್ಕ. ಯಾರ ಜೊತೆಗೂ ಕೂಡದ ಅನಿಲಕ್ಕೆ ಈ ಲೆಕ್ಕ ನಡೆಯಲ್ಲ. ಹಾಗಾಗಿ ಅದರ ಸದ್ದು ಕೇಳಿದರು.

ತಮಾಷೆ ಅಲ್ಲ. ಜರ್ಮನಿಯ ಆಗಸ್ಟ್ ಕುಂಟ್ 1866ರಲ್ಲಿ ಒಂದು ಉಪಕರಣ ಮಾಡಿದ್ದ. ಉದ್ದನೆಯ ಗಾಜಿನ ಕೊಳವೆ, ಒಳಗೆ ನುಣ್ಣನೆಯ ಪುಡಿ. ಒಂದು ತುದಿಯ ಸರಳನ್ನ ಉಜ್ಜಿದರೆ ಕೀಚಲು ಸದ್ದು ಹೊರಟು, ಪುಡಿ ರಂಗೋಲಿ ಚುಕ್ಕಿ ಇಟ್ಟ ಹಾಗೆ ಸಮಾನ ಅಂತರದ ಗುಪ್ಪೆಗಳಾಗಿ ನಿಲ್ಲುತ್ತೆ. ಗುಪ್ಪೆಯಿಂದ ಗುಪ್ಪೆಗೆ ಇರೋ ದೂರ ಅಲೆಯ ಅರ್ಧ ಉದ್ದ. ಅದೇ ಸದ್ದಿಗೆ ಗಾಳಿಯಲ್ಲಿ ಎಷ್ಟು ದೂರ, ಈ ಅನಿಲದಲ್ಲಿ ಎಷ್ಟು ದೂರ ಅಂತ ಸ್ಕೇಲಿನಿಂದ ಅಳೆದರೆ ಸದ್ದಿನ ವೇಗ ಸಿಕ್ಕಿತು.

ಸದ್ದಿಗೂ ಪರಮಾಣು ಎಣಿಸೋದಕ್ಕೂ ಏನು ಸಂಬಂಧ? ಹುಣಸೆಕಾಯಿ ಉದುರಿಸಿದವರಿಗೆ ಗೊತ್ತಿರುತ್ತೆ. ಕಲ್ಲು ಎಸೆದರೆ ನೆಟ್ಟಗೆ ಹೋಗುತ್ತೆ. ಕೋಲು ಎಸೆದರೆ ಗಿರಗಿರ ತಿರುಗ್ತಾ ಹೋಗುತ್ತೆ, ತೋಳಿನ ಶಕ್ತಿಯಲ್ಲಿ ಒಂದು ಪಾಲು ತಿರುಗೋದಕ್ಕೇ ಖರ್ಚು. ಒಂಟಿ ಪರಮಾಣು ಕಲ್ಲಿನ ಹಾಗೆ. ಅದಕ್ಕೆ ಶಾಖ ಕೊಟ್ಟರೆ ಓಡೋದಷ್ಟೇ ಗೊತ್ತು: ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ. ಒಟ್ಟು ಮೂರು ಪಾಲು. ಜೋಡಿ ಪರಮಾಣು ಕೋಲಿನ ಹಾಗೆ. ಆ ಮೂರರ ಜೊತೆಗೆ ಎರಡು ದಿಕ್ಕಿನಲ್ಲಿ ತಿರುಗೋದೂ ಸೇರಿ ಐದು ಪಾಲು. ಅನಿಲ ಹಿಗ್ಗೋಕೆ ಜಾಗ ಬಿಟ್ಟು ಕಾಯಿಸಿದರೆ, ಸುತ್ತಲಿನದನ್ನ ತಳ್ಳೋಕೆ ಅಂತ ಎರಡು ಪಾಲು ಹೆಚ್ಚಿಗೆ ಬೇಕು. ಹಿಗ್ಗೋಕೆ ಬಿಟ್ಟಾಗಿನ ಖರ್ಚನ್ನ ಬಿಡದಿದ್ದಾಗಿನ ಖರ್ಚಿನಿಂದ ಭಾಗಿಸಿ. ಜೋಡಿಗೆ ಐದರಲ್ಲಿ ಏಳು, ಅಂದರೆ 1.40. ಒಂಟಿಗೆ ಮೂರರಲ್ಲಿ ಐದು, ಅಂದರೆ 1.67.

ಸದ್ದು ಅಂದರೆ ಅನಿಲವನ್ನ ಬೇಗ ಬೇಗ ಒತ್ತೋದು, ಬಿಡೋದು. ಒತ್ತಿದಾಗ ಹುಟ್ಟುವ ಶಾಖವೆಲ್ಲ ಓಟಕ್ಕೇ ಹೋದರೆ ಅನಿಲ ಜೋರಾಗಿ ತಿರುಗಿ ಒತ್ತುತ್ತೆ, ಸದ್ದು ಬೇಗ ಸಾಗುತ್ತೆ. ಹಾಗಾಗಿ ಸದ್ದಿನ ವೇಗ, ಒತ್ತಡ, ಸಾಂದ್ರತೆ ಮೂರೂ ಗೊತ್ತಿದ್ದರೆ ಆ ಭಾಗಲಬ್ಧ ಲೆಕ್ಕಕ್ಕೆ ಸಿಗುತ್ತೆ. ಗಾಳಿಗೆ 1.40 ಬರುತ್ತೆ, ಅದು ಮೊದಲೇ ಗೊತ್ತಿತ್ತು. ಪಾದರಸದ ಆವಿ ಒಂಟಿ ಪರಮಾಣುಗಳದ್ದು ಅನ್ನೋದಕ್ಕೆ ರಸಾಯನಶಾಸ್ತ್ರದಲ್ಲಿ ಬೇರೆ ಆಧಾರ ಇತ್ತು. ಕುಂಟ್ ಮತ್ತು ಎಮಿಲ್ ವಾರ್‌ಬುರ್ಗ್ 1875ರ ಸುಮಾರಿಗೆ ಅದನ್ನ ಇದೇ ಕೊಳವೆಯಲ್ಲಿ ಪರೀಕ್ಷಿಸಿದರು. 1.67 ಬಂತು. ಅಂದರೆ ಅಳತೆಕೋಲು ಸರಿಯಿದೆ.

ನಾವೂ ಪಿಯುಸಿಯಲ್ಲಿ ಟ್ಯೂನಿಂಗ್ ಫೋರ್ಕ್ ಬಡಿದು, ನೀರು ತುಂಬಿದ ಕೊಳವೆಯಲ್ಲಿ ಸದ್ದಿನ ವೇಗ ಅಳೆದಿದ್ದೆವು. ಅಳೆದಿದ್ದೆವು ಅನ್ನೋದು ದೊಡ್ಡ ಮಾತು. ಉತ್ತರ 340ರ ಹತ್ತಿರ ಬರಬೇಕು ಅಂತ ಸೀನಿಯರ್‌ಗಳು ಹೇಳಿದ್ದರು, ರೀಡಿಂಗನ್ನ ಹಿಂದಿನಿಂದ ತುಂಬಿದ್ದೆವು. ಆ ಪ್ರಯೋಗಕ್ಕೆ ಇಂಥ ಶಕ್ತಿ ಇದೆ ಅಂತ ಆಗ ಗೊತ್ತಿದ್ದಿದ್ದರೆ ಒಂದು ರೀಡಿಂಗನ್ನಾದರೂ ನಿಜವಾಗಿ ತಗೊಳ್ತಿದ್ದೆನೇನೋ.

ರಾಮ್ಸೆಗೂ ಹಿಂದಿನಿಂದ ತುಂಬುವ ಆಸೆ ಹುಟ್ಟಿಸೋ ಹಾಗೇ ಇತ್ತು ಪರಿಸ್ಥಿತಿ. ಆರ್ಗಾನ್ ಹೈಡ್ರೋಜನ್ ಅನಿಲಕ್ಕಿಂತ ಸುಮಾರು 20 ಪಟ್ಟು ಭಾರ. ಹೈಡ್ರೋಜನ್ ಅಣುವಿನ ತೂಕ 2, ಅಂದಮೇಲೆ ಆರ್ಗಾನ್ ಅಣುವಿನ ತೂಕ 40. ಅದು ಜೋಡಿಯಾಗಿದ್ದರೆ ಒಂದು ಪರಮಾಣು 20. ಆವರ್ತ ಕೋಷ್ಟಕದಲ್ಲಿ ಫ್ಲೋರಿನ್ 19ಕ್ಕೂ ಸೋಡಿಯಂ 23ಕ್ಕೂ ನಡುವೆ ನೆಮ್ಮದಿಯಾಗಿ ಕೂರುತ್ತೆ. ಒಂಟಿಯಾಗಿದ್ದರೆ ಪರಮಾಣುವೇ 40. ಅಲ್ಲಿ ಪೊಟ್ಯಾಸಿಯಂ 39, ಕ್ಯಾಲ್ಸಿಯಂ 40 ಆಗಲೇ ಕೂತಿದ್ದಾವೆ, ಕಾಲಿಡೋಕೂ ಜಾಗವಿಲ್ಲ. ಕೋಷ್ಟಕ ಜೋಡಿ ಅನ್ನುತ್ತೆ. ಕೊಳವೆಯಲ್ಲಿ ಮಾತ್ರ ಭಾಗಲಬ್ಧ 1.6 ದಾಟಿ ಬಂತು. ಅಂದರೆ ಒಂಟಿ.

ಕೋಷ್ಟಕ ಕಟ್ಟಿದ ಮೆಂಡಲೀವ್‌ಗೇ ಇದು ಒಪ್ಪಿಗೆಯಾಗಲಿಲ್ಲ. ಆಕ್ಸಿಜನ್ ಮೂರು ಸೇರಿ ಓಝೋನ್ ಆದ ಹಾಗೆ ನೈಟ್ರೋಜನ್ ಮೂರು ಸೇರಿ ಇದಾಗಿರಬಹುದು ಅನ್ನೋದು ಅವನ ಕಡೆಯ ವಾದ. ಮೂರು ಹದಿನಾಲ್ಕು 42, 40ಕ್ಕೆ ಹತ್ತಿರವೇ. ಎರಡು ಪರಮಾಣು ಒಂದಕ್ಕೊಂದು ಗಟ್ಟಿಯಾಗಿ ಅಂಟಿ ತಿರುಗದ ಗುಂಡಿನ ಹಾಗೆ ಇರಬಾರದೇಕೆ ಅಂದವರೂ ಇದ್ದರು. ಇವರು ಯಾರೂ ದಡ್ಡರಲ್ಲ. ಆ ಕೋಷ್ಟಕ ಅಲ್ಲಿವರೆಗೆ ಎಷ್ಟೋ ಸಲ ಗೆದ್ದಿತ್ತು. ಗೆದ್ದ ಕುದುರೆ ಬಿಟ್ಟು ಗಾಜಿನ ಕೊಳವೆಯ ಪುಡಿ ನಂಬಿ ಅಂದರೆ ಯಾರು ನಂಬ್ತಾರೆ?

ಆಗ ಬಂತು ಹೀಲಿಯಂ.

ಅಮೆರಿಕದ ಹಿಲ್ಲೆಬ್ರಾಂಡ್ ಅನ್ನೋ ರಸಾಯನಶಾಸ್ತ್ರಜ್ಞ ಕೆಲ ವರ್ಷಗಳ ಹಿಂದೆ ಯುರೇನಿಯಂ ಖನಿಜವನ್ನ ಆಮ್ಲದಲ್ಲಿ ಕುದಿಸಿದಾಗ ಒಂದು ಅನಿಲ ಬಂದಿತ್ತು. ಅದು ನೈಟ್ರೋಜನ್ ಅಂತ ಬರೆದಿದ್ದ. ಅದರಲ್ಲೇನಾದರೂ ಆರ್ಗಾನ್ ಇರಬಹುದೇ ನೋಡಿ ಅಂತ ಬ್ರಿಟಿಷ್ ಮ್ಯೂಸಿಯಂನ ಹೆನ್ರಿ ಮಯರ್ಸ್ ರಾಮ್ಸೆಗೆ ಸುಳಿವು ಕೊಟ್ಟ. 1895ರ ಮಾರ್ಚ್‌ನಲ್ಲಿ ರಾಮ್ಸೆ ಕ್ಲೀವೈಟ್ ಅನ್ನೋ ಖನಿಜ ಕೊಂಡು ತಂದು ಕುದಿಸಿದ. ಹೊರಟ ಅನಿಲದ ಬೆಳಕಿನಲ್ಲಿ ಒಂದು ಹಳದಿ ಗೆರೆ. ಮೊದಲು ಸೋಡಿಯಂ ಇರಬಹುದು ಅನ್ನಿಸೋ ಗೆರೆ, ಆದರೆ ಸೋಡಿಯಂ ಜಾಗದಲ್ಲಿಲ್ಲ. ರೋಹಿತದಲ್ಲಿ ಪಳಗಿದ ವಿಲಿಯಂ ಕ್ರೂಕ್ಸ್‌ಗೆ ಕಳಿಸಿದ. ಅಳೆದು ನೋಡಿದ ಕ್ರೂಕ್ಸ್‌ನಿಂದ ಉತ್ತರ ಬಂತು, 587.6ರ ಸೂರ್ಯನ ಗೆರೆಯೇ ಇದು. ಜಮಖಂಡಿಯಲ್ಲಿ ಸೋಡಿಯಂ ಅಂತ ಬರೆಸಿಕೊಂಡು ಹೋಗಿದ್ದ ಗೆರೆ ಲಂಡನ್ನಿನ ಗಾಜಿನ ಕೊಳವೆಯಲ್ಲಿ ಉರೀತಿತ್ತು. ಅದೇ ದಿನಗಳಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಕ್ಲೀವ್ ಮತ್ತು ಲಾಂಗ್ಲೆಟ್ ಕೂಡ ತಾವಾಗಿಯೇ ಅದನ್ನ ಹಿಡಿದಿದ್ದರು.

ಲೋಹ ಅಲ್ಲ, ಅನಿಲ. ಹೈಡ್ರೋಜನ್ ಅನಿಲದ ಎರಡರಷ್ಟು ಭಾರ, ಅಂದರೆ ಅಣುವಿನ ತೂಕ 4. ಇದರಲ್ಲೂ ಸದ್ದು ಹಾಯಿಸಿದರು. ಮತ್ತೆ 1.67ರ ಹತ್ತಿರ. ನನ್ನ ಅಣ್ಣನ ಮಗ ಕೇಳಿದ 'ಯಾರರ ಎಣಿಸ್ಯಾರೇನು' ಅನ್ನೋದಕ್ಕೆ ಇದೇ ಉತ್ತರ. ಎಣಿಸಿದ್ದಾರೆ, ಕಿವಿಯಿಂದ.

ನನಗೆ ಸಮಾಧಾನ ಆಗದೆ ಲ್ಯಾಪ್‌ಟಾಪಿನಲ್ಲಿ ನಾನೂ ಲೆಕ್ಕ ಹಾಕಿದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೀಲಿಯಂ ಒಂಟಿಯಾಗಿದ್ದರೆ ಅದರಲ್ಲಿ ಸದ್ದು ಸೆಕೆಂಡಿಗೆ ಸುಮಾರು 1007 ಮೀಟರ್ ಹೋಗಬೇಕು. ಜೋಡಿಯಾಗಿ, ತೂಕ 8 ಆಗಿದ್ದಿದ್ದರೆ ಸುಮಾರು 650. ನಿಜವಾದ ವೇಗ ಸಾವಿರದ ಆಸುಪಾಸು, ಗಾಳಿಯ ಮೂರರಷ್ಟು. ಹೀಲಿಯಂ ಎಳೆದುಕೊಂಡವರ ದನಿ ಬಾತುಕೋಳಿಯ ಹಾಗಾಗೋದು ಇದೇ ವೇಗದಿಂದ. ಅದನ್ನ ಯಾರೂ ಮಾಡಿ ನೋಡಬೇಡಿ, ಉಸಿರು ಕಟ್ಟಿ ಸತ್ತವರಿದ್ದಾರೆ.

ಒಂದೇ ಹಟದ ಅನಿಲ ಬಂದರೆ ಅಪವಾದ ಅನ್ನಬಹುದು. ಎರಡು ಬಂದರೆ ಅದು ಒಂದು ಮನೆತನ. ಹಾಗಾದರೆ ಕೋಷ್ಟಕದಲ್ಲಿ ಒಂದು ಹೊಸ ಸಾಲೇ ಬೇಕು, ಆ ಸಾಲಿನಲ್ಲಿ ಇನ್ನೂ ಜನ ಇರಬೇಕು. ರಾಮ್ಸೆ ಮತ್ತು ಅವನ ಸಹಾಯಕ ಮಾರಿಸ್ ಟ್ರಾವರ್ಸ್ ಹುಡುಕಿದರು. 1898ರಲ್ಲಿ ಕೆಲವೇ ತಿಂಗಳಲ್ಲಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಮೂರೂ ಸಿಕ್ಕವು. ನಿಯಾನ್ ತೂಕ 20. ಆರ್ಗಾನ್‌ನ ಎರಡಾಗಿ ಸೀಳಿ ಕೂರಿಸೋಣ ಅಂತ ಎಲ್ಲರೂ ತೋರಿಸ್ತಿದ್ದ ಆ ಖಾಲಿ ಜಾಗ ನಿಯಾನ್‌ದಾಗಿತ್ತು! ಪುಡಿಯ ಗುಪ್ಪೆಗಿಂತ ಕೋಷ್ಟಕವನ್ನೇ ನಂಬಿ ಆರ್ಗಾನನ್ನ ಅಲ್ಲಿ ಕೂರಿಸಿದ್ದಿದ್ದರೆ, ನಿಯಾನ್ ಬಂದಾಗ ಕೂರೋಕೆ ಕುರ್ಚಿ ಇರ್ತಿರಲಿಲ್ಲ. ಪೊಟ್ಯಾಸಿಯಂಗಿಂತ ಆರ್ಗಾನ್ ಭಾರವಾಗಿರೋ ತೊಡಕು 1913ರಲ್ಲಿ ಹೆನ್ರಿ ಮೋಸ್ಲಿ ತೋರಿಸಿದ ಮೇಲೆ ಬಿಡಿಸಿತು. ಕೋಷ್ಟಕದ ಸಾಲು ನಿಂತಿರೋದು ತೂಕದ ಮೇಲಲ್ಲ, ಪರಮಾಣು ಸಂಖ್ಯೆಯ ಮೇಲೆ. ಆರ್ಗಾನ್ 18, ಪೊಟ್ಯಾಸಿಯಂ 19. ಮೆಂಡಲೀವ್ ಅಷ್ಟು ಹೊತ್ತಿಗೆ ತೀರಿಕೊಂಡಿದ್ದ, ಆದರೆ ಅದಕ್ಕೂ ಮೊದಲೇ ಹೊಸ ಸಾಲನ್ನ ಒಪ್ಪಿಕೊಂಡು ತನ್ನ ಕೋಷ್ಟಕಕ್ಕೆ ಸೇರಿಸಿದ್ದ. 1904ರ ಭೌತಶಾಸ್ತ್ರದ ನೊಬೆಲ್ ರೇಲಿಗೂ ರಸಾಯನಶಾಸ್ತ್ರದ್ದು ರಾಮ್ಸೆಗೂ ಬಂತು.

ಇದೇ ರಾಮ್ಸೆ 1900ರಲ್ಲಿ ಜೆಮ್‌ಶೆಡ್‌ಜಿ ಟಾಟಾ ಅವರ ಯೋಜನೆಗೆ ಸಲಹೆ ಕೊಡೋಕೆ ಭಾರತಕ್ಕೆ ಬಂದು, ಊರೂರು ಸುತ್ತಿ, ವಿಜ್ಞಾನ ಸಂಸ್ಥೆಗೆ ಬೆಂಗಳೂರು ಸರಿ ಅಂತ ಹೇಳಿ ಹೋದ. ಸಂಸ್ಥೆಯ ಮೊದಲ ನಿರ್ದೇಶಕನಾಗಿ ಬಂದವನು ಅದೇ ಟ್ರಾವರ್ಸ್. ಯಶವಂತಪುರದ ಬಸ್ಸಿನಲ್ಲಿ 'ಟಾಟಾ ಇನ್‌ಸ್ಟಿಟ್ಯೂಟ್' ಅಂತ ಕಂಡಕ್ಟರ್ ಕೂಗೋದನ್ನ ಎಷ್ಟು ವರ್ಷದಿಂದ ಕೇಳ್ತಿದ್ದೀನೋ. ನಿಯಾನ್ ಕಂಡುಹಿಡಿದವನು ಆ ಗೇಟಿನೊಳಗೆ ಕೆಲಸ ಮಾಡಿದ್ದ ಅನ್ನೋದು ನನಗೆ ಗೊತ್ತಾಗಿದ್ದು ಈ ಹುಡುಗನ ಪ್ರಶ್ನೆಯಿಂದ.

ಇಷ್ಟಾದರೂ ಹುಡುಗನ ಮೊದಲನೇ ಪ್ರಶ್ನೆ ಹಾಗೇ ಇದೆ. ಒಂಟಿ ಅಂತ ಗೊತ್ತಾಯಿತು. ಯಾಕೆ ಒಂಟಿ?

ಗಮನಿಸಿ, 1895ರಲ್ಲಿ ರಾಮ್ಸೆಗೆ ಇದಕ್ಕೆ ಯಾವ ಉತ್ತರವೂ ಇರಲಿಲ್ಲ. ಎಲೆಕ್ಟ್ರಾನ್ ಅನ್ನೋದನ್ನ ಥಾಮ್ಸನ್ ತೋರಿಸಿದ್ದೇ 1897ರಲ್ಲಿ. ಕಾರಣ ಗೊತ್ತಾಗೋಕೆ 32 ವರ್ಷ ಮೊದಲೇ ಸಂಗತಿ ಗೊತ್ತಾಗಿತ್ತು. ನಮಗೆ ಶಾಲೆಯಲ್ಲಿ ಇದನ್ನ ತಲೆಕೆಳಗು ಮಾಡಿ ಹೇಳ್ತಾರೆ: ಕವಚ ಭರ್ತಿ, ಹಾಗಾಗಿ ಒಂಟಿ. ಕವಚದ ಮಾತು ಸುಳ್ಳಲ್ಲ. 1916ರಲ್ಲಿ ಗಿಲ್ಬರ್ಟ್ ಲೂಯಿಸ್ ಬಂಧ ಅಂದರೆ ಎರಡು ಪರಮಾಣು ಎಲೆಕ್ಟ್ರಾನ್ ಜೋಡಿ ಹಂಚಿಕೊಳ್ಳೋದು ಅಂದಾಗಿನಿಂದ ಅದು ಬೆಳೆದಿದ್ದು. ಆದರೆ ಭರ್ತಿಯಾದರೆ ಯಾಕೆ ಕೂಡಬಾರದು ಅನ್ನೋದಕ್ಕೆ ಅದರಲ್ಲೂ ಉತ್ತರ ಇಲ್ಲ.

ಉತ್ತರ ಬಂದಿದ್ದು 1927ರಲ್ಲಿ, ವಾಲ್ಟರ್ ಹೈಟ್ಲರ್ ಮತ್ತು ಫ್ರಿಟ್ಜ್ ಲಂಡನ್ ಎಂಬ ಇಬ್ಬರು ತರುಣರಿಂದ. ಹೊಸದಾಗಿ ಬಂದಿದ್ದ ಕ್ವಾಂಟಂ ಲೆಕ್ಕವನ್ನ ಅವರು ಎರಡು ಹೈಡ್ರೋಜನ್‌ಗೂ ಹಾಕಿದರು, ಎರಡು ಹೀಲಿಯಂಗೂ ಹಾಕಿದರು. ಹೈಡ್ರೋಜನ್ ಅಂಟಿಕೊಂಡವು, ಹೀಲಿಯಂ ಒಂದನ್ನೊಂದು ದೂಡಿದವು. ಮುಂದಿನ ವರ್ಷಗಳಲ್ಲಿ ಹುಂಡ್, ಮಲ್ಲಿಕೆನ್ ಮುಂತಾದವರು ಕಟ್ಟಿದ ಚಿತ್ರದಲ್ಲಿ ಇದನ್ನ ಹೇಳೋದು ಸುಲಭ. ಎಲೆಕ್ಟ್ರಾನ್ ಅಲೆಯ ಹಾಗೆ ಹರಡಿಕೊಂಡಿರುತ್ತೆ. ಎರಡು ಪರಮಾಣು ಹತ್ತಿರ ಬಂದಾಗ ಅಲೆಗಳು ಎರಡು ರೀತಿ ಸೇರಬಹುದು. ಒಂದರಲ್ಲಿ ಎಲೆಕ್ಟ್ರಾನ್ ಎರಡೂ ಬೀಜಗಳ ನಡುವೆ ದಟ್ಟವಾಗಿ ಅಂಟಿನ ಕೆಲಸ ಮಾಡುತ್ತೆ. ಇನ್ನೊಂದರಲ್ಲಿ ನಡುವೆ ಖಾಲಿ ಬಿಟ್ಟು ಹೊರಗಡೆ ನಿಂತು ಬಿಡಿಸೋ ಕೆಲಸ ಮಾಡುತ್ತೆ. ಅಂಟಿನ ಮನೆ ಒಂದು, ಬಿಡಿಸೋ ಮನೆ ಒಂದು. ಒಂದೊಂದು ಮನೆಯಲ್ಲಿ ಎರಡೇ ಎಲೆಕ್ಟ್ರಾನ್‌ಗೆ ಜಾಗ. ಇದು ವುಲ್ಫ್‌ಗಾಂಗ್ ಪೌಲಿ 1925ರಲ್ಲಿ ಹೇಳಿದ ನಿಯಮ.

ಈಗ ಲೆಕ್ಕ ಹಾಕಿ. ಎರಡು ಹೈಡ್ರೋಜನ್ ಸೇರಿದರೆ ಎಲೆಕ್ಟ್ರಾನ್ ಎರಡು. ಎರಡೂ ಅಂಟಿನ ಮನೆಗೆ ಹೋಗ್ತಾವೆ, ಜೋಡಿ ಗಟ್ಟಿ. ಎರಡು ಹೀಲಿಯಂ ಸೇರಿದರೆ ಎಲೆಕ್ಟ್ರಾನ್ ನಾಲ್ಕು. ಎರಡು ಅಂಟಿನ ಮನೆಗೆ ಹೋದರೆ ಉಳಿದೆರಡು ಬೇರೆ ದಾರಿ ಇಲ್ಲದೆ ಬಿಡಿಸೋ ಮನೆಗೆ. ಬಿಡಿಸೋ ಬಲ ಅಂಟಿನ ಬಲಕ್ಕಿಂತ ಒಂದು ಕೈ ಹೆಚ್ಚೇ ಇರುತ್ತೆ. ಹಾಗಾಗಿ ಬಂಧ ಇಲ್ಲ.

ಇದು ಸುಮ್ಮನೆ ಮಾತಲ್ಲ ಅಂತ ನೋಡಬೇಕಾದರೆ ಒಂದು ಎಲೆಕ್ಟ್ರಾನ್ ಕಿತ್ತು ನೋಡಬೇಕು. ಆಗ ಅಂಟಿಗೆ ಎರಡು, ಬಿಡಿಸೋಕೆ ಒಂದೇ. ಲೆಕ್ಕದ ಪ್ರಕಾರ ಜೋಡಿ ನಿಲ್ಲಬೇಕು. ನಿಲ್ಲುತ್ತೆ. ಧನ ವಿದ್ಯುದಂಶದ ಆ ಹೀಲಿಯಂ ಜೋಡಿ ಪ್ರಯೋಗಾಲಯದಲ್ಲಿ ಚೆನ್ನಾಗಿ ಪರಿಚಿತ. ಒಂದು ಎಲೆಕ್ಟ್ರಾನನ್ನ ಕೀಳದೆ ಬರೀ ಮೇಲಿನ ಮೆಟ್ಟಿಲಿಗೆ ಏರಿಸಿದರೂ ಸ್ವಲ್ಪ ಹೊತ್ತು ಜೋಡಿ ಇರುತ್ತೆ. ಹಾಗಾದಾಗ ಹೊರಡುವ ಬೆಳಕಿನ ಪಟ್ಟಿಗಳನ್ನ 1913ರಲ್ಲೇ ಕಂಡಿದ್ದರು. ಅಂದರೆ ಹೀಲಿಯಂನ ಸ್ವಭಾವವೇ ಒಂಟಿತನ ಅಲ್ಲ. ನಾಲ್ಕು ಎಲೆಕ್ಟ್ರಾನ್ ಇದ್ದಾಗ ಬರುವ ಲೆಕ್ಕ ಅದು. ಲೆಕ್ಕ ಬದಲಾದರೆ ಅದೂ ಕೂಡುತ್ತೆ.

ಏನೂ ಬದಲಾಗದ ಎರಡು ಹೀಲಿಯಂ ಪರಮಾಣು ಕೂಡ ಒಂದಕ್ಕೊಂದು ಪೂರ್ತಿ ಅಪರಿಚಿತ ಅಲ್ಲ. ತುಸು ದೂರದಿಂದ ಬಹಳ ಬಹಳ ಸಣ್ಣ ಸೆಳೆತ ಇದೆ. ಅದರಿಂದಲೇ ಹೀಲಿಯಂ ದ್ರವವಾಗೋದು, ಅದೂ ಮೈನಸ್ 269 ಡಿಗ್ರಿಯಲ್ಲಿ. 1908ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ಸ್ ಅದನ್ನ ಮೊದಲ ಸಲ ಸಾಧಿಸಿದ. 1993ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಅದಕ್ಕಿಂತಲೂ ಎಷ್ಟೋ ತಣ್ಣಗಿನ ಹೀಲಿಯಂ ಧಾರೆಯಲ್ಲಿ ಜೋಡಿಯ ಗುರುತೂ ಸಿಕ್ಕಿತು. ಎರಡರ ನಡುವಿನ ಸರಾಸರಿ ದೂರ ಹೈಡ್ರೋಜನ್ ಜೋಡಿಯ ಸುಮಾರು 70 ಪಟ್ಟು. ಡಿಗ್ರಿಯ ಸಾವಿರದ ಕೆಲವೇ ಭಾಗದಷ್ಟು ಶಾಖ ತಾಕಿದರೂ ಬಿಟ್ಟುಹೋಗುವ ಜೋಡಿ. ಒಂದೇ ಮನೆಯಲ್ಲಿ ಇರೋರಲ್ಲ, ಆಚೆ ಓಣಿ ಈಚೆ ಓಣಿಯವರು.

ಮೊನ್ನೆ ಭಾನುವಾರ ಹುಡುಗನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಜಡಾನಿಲ ಅಂತ ನಾನು ಹೇಳಿದ್ದು ಉತ್ತರ ಅಲ್ಲ, ಬರೀ ಹೆಸರು ಅಂತಲೂ ಒಪ್ಪಿಕೊಂಡೆ. ಜಮಖಂಡಿಯ ಗ್ರಹಣದ ಕಥೆ ಕೇಳಿ, ಸಾಲಿಯಲ್ಲಿ ಯಾರೂ ಹೇಳಿಲ್ಲ ಅಂದ. ನನಗೂ ಯಾರೂ ಹೇಳಿರಲಿಲ್ಲ ಅಂದೆ. ಎರಡು ಮನೆ, ನಾಲ್ಕು ಎಲೆಕ್ಟ್ರಾನ್ ಲೆಕ್ಕವನ್ನ ಬೇಗ ಹಿಡಿದುಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳಿದ.

"ಕಾಕಾ, ಹಂಗಾದ್ರ ಓಝೋನ್‌ದಾಗ ಮೂರ ಯಾಕ?"

ಮುಂದಿನ ಭಾನುವಾರ ಹೇಳ್ತೀನಿ ಅಂದಿದ್ದೀನಿ. ಓದ್ತಾ ಇದ್ದೀನಿ.